ಅಚ್ಚಿನ ಹೊತ್ತಿಗೆಯ ಒಡೆತನ

ವಿದ್ಯುನ್ಮಾನ ಓದುಫಲಕವೊಂದರಲ್ಲಿ ಸಾವಿರ ಗ್ರಂಥಗಳು ಅಡಗುವ ಈ ಕಾಲದಲ್ಲಿ ಅಚ್ಚಿನ ಪುಸ್ತಕವೇಕೆ ಎಂದು ಕೇಳುವವರುಂಟು. ಹುಡುಕಾಟಕ್ಕೆ ಫಲಕವೇ ಮೇಲು. ವಚನವೊಂದರ ಶಬ್ದವನ್ನು ಅದು ಕ್ಷಣಾರ್ಧದಲ್ಲಿ ತೋರಿಸೀತು. ಆದರೆ ಅಲ್ಲಿ ಹಣ ತೆತ್ತವನಿಗೆ ದೊರೆಯುವುದು ಬಹುಮಟ್ಟಿಗೆ ಓದುವ ಅನುಮತಿ, ಒಡೆತನವಲ್ಲ. 2009ರಲ್ಲಿ ಅಮೆಜಾನ್ ಸಂಸ್ಥೆಯು ಹಕ್ಕುಸ್ವಾಮ್ಯದ ತೊಡಕಿನಿಂದಾಗಿ ಜಾರ್ಜ್ ಆರ್ವೆಲ್ಲರ ಕೃತಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದ ಕೇಳದೆಯೇ ಅಳಿಸಿತು. ಹಣವನ್ನೇನೋ ಮರಳಿಸಿತು, ಓದು ಅರ್ಧಕ್ಕೇ ನಿಂತಿತು.

ಒಡೆತನದ ಬೆಲೆಯನ್ನು ನಮ್ಮ ಹಿರಿಯರು ಅರಿತಿದ್ದರು. ತಾಡವೋಲೆಯ ಕಟ್ಟುಗಳಲ್ಲಿ ಮುಚ್ಚಿಹೋಗಿದ್ದ ವಚನಗಳನ್ನು ಸಂಗ್ರಹಿಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮುಂದೆ ಮುದ್ರಣಾಲಯಕ್ಕಾಗಿ ವಾಸದ ಮನೆಯನ್ನೇ ಮಾರಿದರು. ಕೆಲವೇ ಮನೆಗಳ ಗಂಟಿನಲ್ಲಿದ್ದುದು ಹೀಗೆ ಎಲ್ಲರ ಕೈಸೇರಿತು. ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳವರು ಗ್ರಂಥಪ್ರಕಟನೆಯನ್ನು ದಾಸೋಹದಂತೆ ನಡೆಸಿದುದನ್ನು ಈ ಸೀಮೆ ಬಲ್ಲದು.

ನಾಗಾವಿಯಂತಹ ಊರಿನಲ್ಲಿ ಅಣ್ಣನೋದಿದ ಪುಸ್ತಕ ತಂಗಿಗೆ, ಅವಳಿಂದ ನೆರೆಮನೆಗೆ ದಾಟುತ್ತದೆ. ಅದಕ್ಕೆ ವಿದ್ಯುತ್ತೂ ಬೇಡ, ಗುಪ್ತಪದವೂ ಬೇಡ. ದಾನಿಗಳು ಶಾಲೆಗೆ ಗಣಕಯಂತ್ರಗಳನ್ನು ಅವಶ್ಯವಾಗಿ ಕೊಡಲಿ. ಜೊತೆಗೊಂದು ಕಪಾಟು ಪುಸ್ತಕಗಳನ್ನೂ ಕೊಡಬೇಕೆಂದು ಬಿನ್ನಹ. ಕಪಾಟಿನ ಕೀಲಿಕೈ ಮಾತ್ರ ನಾವು ಶಿಕ್ಷಕರ ಮೇಜಿನೊಳಗೆ ಉಳಿಯದಿರಲಿ.