ಕಲ್ಲಾಗದ ಶರಬತ್ತು

ಶಿಕಾರಿಪುರದ ಹುಚ್ಚುರಾಯಸ್ವಾಮಿ ತೇರಿನಲ್ಲಾಗಲಿ, ಸೊರಬದ ಸಂತೆಯಲ್ಲಾಗಲಿ, ಐಸ್‌ಕ್ಯಾಂಡಿ ಚೀಪುವ ಮಕ್ಕಳನ್ನು ಒಮ್ಮೆ ಗಮನಿಸಬೇಕು. ನಾಲ್ಕಾರು ಸಲ ಚೀಪುವಷ್ಟರಲ್ಲಿ ಬಣ್ಣವೂ ಸಿಹಿಯೂ ಬಾಯಿಗೆ ಇಳಿದಿರುತ್ತವೆ. ಕಡ್ಡಿಯಲ್ಲಿ ಉಳಿಯುವುದು ಬೆಳ್ಳಗಿನ ಸಪ್ಪೆ ಮಂಜುಗಡ್ಡೆ. ಬಣ್ಣ, ಸಕ್ಕರೆ ಹಾಕಿದ್ದು ಇಡೀ ನೀರಿಗೆ. ಅವು ಇಷ್ಟು ಸಲೀಸಾಗಿ ಬೇರೆಯಾದದ್ದು ಹೇಗೆ?

ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಷಟ್ಕೋನದ ಜಾಲವಾಗಿ ಹೆಣೆದುಕೊಳ್ಳುತ್ತವೆ. ಆ ಜಾಲದೊಳಗೆ ಸಕ್ಕರೆಗೆ ಜಾಗವಿಲ್ಲ, ಬಣ್ಣಕ್ಕೂ ಇಲ್ಲ. ಹೊರಗೆ ತಳ್ಳಿಸಿಕೊಂಡ ಸಕ್ಕರೆ ಮಂಜಿನ ಹರಳುಗಳ ಸಂದಿಯಲ್ಲಿ ಪಾಕವಾಗಿ ನಿಲ್ಲುತ್ತದೆ. ಮಕ್ಕಳು ಚೀಪಿ ಎಳೆದುಕೊಳ್ಳುವುದು ಆ ಪಾಕವನ್ನೇ. ಮನೆಯಲ್ಲಿ ಹಣ್ಣಿನ ಸೋರ್ಬೆ ಮಾಡುವುದೆಂದರೆ ಈ ಸಂದಿಯ ಪಾಕವನ್ನು ಅಂಕೆಯಲ್ಲಿಡುವುದು.

ಸೋರ್ಬೆಗೆ ಹಾಲು ಬೇಡ, ಕೆನೆ ಬೇಡ. ಹಣ್ಣು, ಸಕ್ಕರೆ, ಬೇಕಾದರೆ ನೀರು, ಒಂದಿಷ್ಟು ನಿಂಬೆರಸ ಸಾಕು. ಹೆಸರು ಫ್ರೆಂಚ್ ಆದರೂ ನಂಟು ಹತ್ತಿರದ್ದು. ಕುಡಿಯುವುದು ಎಂಬರ್ಥದ ಅರಬ್ಬಿ ಧಾತುವಿನಿಂದ ಹುಟ್ಟಿದ ಮಾತು ಇಟಲಿ, ಫ್ರಾನ್ಸಿನ ಕಡೆ ಹೋಗಿ ಸೋರ್ಬೆ ಆಯಿತು, ನಮ್ಮ ಕಡೆ ಬಂದು ಶರಬತ್ತಾಯಿತು. ಆದರೆ ಕುಡಿಯುವ ಶರಬತ್ತನ್ನು ಹಾಗೇ ಫ್ರೀಜರಿನಲ್ಲಿಟ್ಟರೆ ಸೋರ್ಬೆ ಆಗುವುದಿಲ್ಲ, ಕಲ್ಲಾಗುತ್ತದೆ. ಕಾರಣ ಸಕ್ಕರೆಯ ಲೆಕ್ಕದಲ್ಲಿದೆ.

ಶುದ್ಧ ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಒಂದು ಲೀಟರ್ ನೀರಿಗೆ 342 ಗ್ರಾಂ ಸಕ್ಕರೆ ಕರಗಿಸಿದರೆ ಆ ಬಿಂದು ಸುಮಾರು 1.86 ಡಿಗ್ರಿ ಕೆಳಗಿಳಿಯುತ್ತದೆ. ಒಂದಿಷ್ಟು ನೀರು ಮಂಜಾದ ಕೂಡಲೇ ಉಳಿದ ಪಾಕ ಇನ್ನಷ್ಟು ಗಟ್ಟಿಯಾಗುತ್ತದೆ, ಅದನ್ನು ಹೆಪ್ಪುಗಟ್ಟಿಸಲು ಇನ್ನಷ್ಟು ಚಳಿ ಬೇಕಾಗುತ್ತದೆ. ಹೀಗೆ ಮುಂದುವರಿದು, ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲೂ ಕೊಂಚ ಪಾಕ ದ್ರವವಾಗಿಯೇ ಉಳಿಯುತ್ತದೆ. ಚಮಚ ಒಳಗಿಳಿಯುವುದು ಅದರಿಂದ. ಪಾಕ ಕಡಿಮೆಯಾದರೆ ಹರಳುಗಳು ಒಂದಕ್ಕೊಂದು ಅಂಟಿ ಬಂಡೆಯಾಗುತ್ತವೆ. ಹೆಚ್ಚಾದರೆ ಹೆಪ್ಪೇ ಕಟ್ಟದೆ ಕೆಸರಿನಂತೆ ಜಾರುತ್ತದೆ. ಹಣ್ಣಿನದೂ ಹಾಕಿದ್ದೂ ಸೇರಿ ಒಟ್ಟು ತೂಕದಲ್ಲಿ ಸಕ್ಕರೆ ಶೇ 25ರಿಂದ 30 ಇದ್ದರೆ ಹದ ಸರಿ. ‘ಸಕ್ಕರೆ ಜಾಸ್ತಿಯಾಯಿತು’ ಎಂದು ಕೈ ಹಿಡಿದವರ ಸೋರ್ಬೆ ಕಲ್ಲಾಗುವುದು ಈ ಕಾರಣಕ್ಕೆ. ಇಲ್ಲಿ ಸಕ್ಕರೆಗೆ ಸಿಹಿ ಕೊಡುವುದರ ಜೊತೆಗೆ ಮೆತ್ತಗಿಡುವ ಕೆಲಸವೂ ಇದೆ.

ಅಷ್ಟು ಸಿಹಿ ತಿನ್ನಲಾದೀತೆ ಎಂಬ ಅನುಮಾನ ಸಹಜ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ರುಚಿಯ ಸಂದೇಶ ಸಾಗಿಸುವ ಟಿಆರ್‌ಪಿಎಂ5 ಎಂಬ ಪ್ರೋಟೀನ್ 15ರಿಂದ 35 ಡಿಗ್ರಿಯ ನಡುವೆ ಉಷ್ಣತೆ ಏರಿದಂತೆ ಚುರುಕಾಗುತ್ತದೆ ಎಂದು ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ತೋರಿಸಿದರು. ಕರಗಿದ ಸೋರ್ಬೆಯನ್ನು ಕುಡಿದು ನೋಡಿದರೆ ಗಂಟಲು ಕಟ್ಟುವಷ್ಟು ಸಿಹಿ.

ಸೊರಬ, ಸಾಗರ, ಪಕ್ಕದ ಬನವಾಸಿ ಸೀಮೆಯಲ್ಲಿ ಸೋರ್ಬೆಗೆಂದೇ ಹೇಳಿ ಮಾಡಿಸಿದಂತಹ ಹಣ್ಣು ಬೆಳೆಯುತ್ತದೆ, ಅನಾನಸ್. ಕಿತ್ತ ಮೇಲೆ ಇದರ ಸಿಹಿ ಏರುವುದಿಲ್ಲ. ಬಾಳೆ, ಮಾವಿನಂತೆ ಹಿಟ್ಟನ್ನು ಸಕ್ಕರೆಯಾಗಿಸಿಕೊಳ್ಳುವ ದಾಸ್ತಾನು ಇದರಲ್ಲಿಲ್ಲ. ದೂರದ ಮಾರುಕಟ್ಟೆಗೆ ಹೋಗುವ ಕಾಯಿಯನ್ನು ಬೇಗ ಕೊಯ್ಯಲೇಬೇಕು. ಗಿಡದಲ್ಲೇ ಪೂರ್ತಿ ಹಣ್ಣಾದದ್ದು ಲಾರಿಯ ಪ್ರಯಾಣವನ್ನು ತಡೆದುಕೊಳ್ಳುವುದಿಲ್ಲ. ಬೇರೆ ಊರಿನವರಿಗೆ ಸಿಗದ ಆ ರುಚಿ ತೋಟದ ಆಸುಪಾಸಿನವರಿಗೆ ಸಿಗುತ್ತದೆ. ಒಂದೇ ಹಣ್ಣಿನಲ್ಲೂ ತೊಟ್ಟಿನ ಕಡೆ ಮೊದಲು ಮಾಗುವುದರಿಂದ ಅಲ್ಲಿ ಸಿಹಿ ಹೆಚ್ಚು, ಜುಟ್ಟಿನ ಕಡೆ ಹುಳಿ ಹೆಚ್ಚು. ಎರಡನ್ನೂ ಸೇರಿಸಿ ರುಬ್ಬಿದರೆ ನಿಂಬೆರಸವೇ ಬೇಕಾಗದು.

ಅನಾನಸ್ಸಿಗೂ ಹಾಲಿಗೂ ಆಗಿಬರುವುದಿಲ್ಲ. ಅದರಲ್ಲಿರುವ ಬ್ರೊಮಿಲೈನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. ಹಸಿ ಹಣ್ಣು ಬಿದ್ದ ಹಾಲು ಒಡೆಯುವುದು, ಕಹಿಯಾಗುವುದು, ಹೆಚ್ಚು ತಿಂದಾಗ ನಾಲಿಗೆ ಚುರುಗುಟ್ಟುವುದು ಎಲ್ಲಕ್ಕೂ ಇದರ ಪಾಲಿದೆ. ಗೊಜ್ಜಿಗಾಗಲಿ ಕೇಸರಿಬಾತಿಗಾಗಲಿ ಬೇಯಿಸುವಾಗ ಶಾಖಕ್ಕೆ ಕಿಣ್ವ ಕೆಡುತ್ತದೆ. ಫ್ರೀಜರಿನ ಚಳಿಗೆ ಮಾತ್ರ ಕೆಡದು. ಹಾಲಿಲ್ಲದ ಸೋರ್ಬೆಯಲ್ಲಿ ಹಸಿ ಹಣ್ಣನ್ನು ಅದರ ಪೂರ್ತಿ ಪರಿಮಳದೊಂದಿಗೆ ಬಳಸಬಹುದು.

ಲೆಕ್ಕ ಹೀಗೆ: ಚೆನ್ನಾಗಿ ಮಾಗಿದ ಅನಾನಸ್ ತಿರುಳಿನಲ್ಲಿ ಸುಮಾರು ಶೇ 13 ಸಕ್ಕರೆ ಇರುತ್ತದೆ. ಒಂದು ಕಿಲೋ ತಿರುಳಿಗೆ 190 ಗ್ರಾಂ ಸಕ್ಕರೆ ಸೇರಿಸಿದರೆ ಒಟ್ಟು ಶೇ 27ರ ಹತ್ತಿರ ಬರುತ್ತದೆ. ನೀರು ಜಾಸ್ತಿಯಿರುವ ಕಲ್ಲಂಗಡಿಗೆ 260 ಗ್ರಾಂವರೆಗೂ ಬೇಕು. ಮಲೆನಾಡಿನ ಮನೆಗಳಲ್ಲಿ ಇನ್ನೊಂದು ಒಳ್ಳೆಯ ಉಪಾಯವಿದೆ, ಜೋನಿ ಬೆಲ್ಲ. ಕಬ್ಬಿನ ಹಾಲು ಕಾಯುವಾಗ ಸಕ್ಕರೆಯ ಒಂದು ಭಾಗ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದಿರುತ್ತದೆ. ಈ ಅಣುಗಳ ತೂಕ ಸಕ್ಕರೆ ಅಣುವಿನ ಅರ್ಧದಷ್ಟು. ಅಂದರೆ ಅಷ್ಟೇ ತೂಕದಲ್ಲಿ ಎರಡರಷ್ಟು ಅಣುಗಳು, ಹೆಪ್ಪುಗಟ್ಟುವುದಕ್ಕೆ ಎರಡರಷ್ಟು ಅಡ್ಡಿ. ಸಕ್ಕರೆಯ ಕಾಲುಭಾಗದ ಬದಲು ಜೋನಿ ಬೆಲ್ಲ ಹಾಕಿದರೆ ಸೋರ್ಬೆ ಇನ್ನೂ ಮೆತ್ತಗಾಗುತ್ತದೆ. ಬಣ್ಣ ಕೊಂಚ ಕಂದುತ್ತದೆ, ನಷ್ಟವೇನಿಲ್ಲ.

ಮುರುಗಲು ಹಣ್ಣಿನದು ಬೇರೆಯೇ ದಾರಿ. ಬೇಸಿಗೆಯಲ್ಲಿ ಹಣ್ಣನ್ನು ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಗೆ ಸಕ್ಕರೆ ತುಂಬಿ ಭರಣಿಯಲ್ಲಿಟ್ಟರೆ ಕೆಲವು ದಿನಗಳಲ್ಲಿ ಕಡುಗೆಂಪು ರಸ ತಾನಾಗಿ ಇಳಿಯುತ್ತದೆ. ಸಿಪ್ಪೆಯ ಜೀವಕೋಶಗಳ ನೀರನ್ನು ಸಕ್ಕರೆ ಹೊರಗೆಳೆಯುವ ಈ ಕ್ರಿಯೆಗೆ ಪರಾಸರಣ ಎಂದು ಹೆಸರು. ಕುಡಿಯಲು ಈ ಪಾಕಕ್ಕೆ ಐದಾರು ಪಾಲು ನೀರು ಬೆರೆಸುವುದುಂಟು. ಸೋರ್ಬೆಗೆ ಒಂದೂವರೆ ಪಾಲಿಗಿಂತ ಹೆಚ್ಚು ಬೆರೆಸಬಾರದು.

ಇನ್ನು ಹರಳಿನ ಗಾತ್ರ. ಮಂಜಿನ ಹರಳು ಸುಮಾರು 50 ಮೈಕ್ರೊಮೀಟರ್, ಅಂದರೆ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗ ದಾಟಿದರೆ ನಾಲಿಗೆಗೆ ಮರಳುಮರಳಾಗುತ್ತದೆ. ಬೇಗ ತಣಿದಷ್ಟೂ, ಕದಡಿದಷ್ಟೂ ಹರಳು ಸಣ್ಣದು. ರುಬ್ಬಿದ್ದನ್ನು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ರೀಜರಿನಲ್ಲಿಡಬೇಕು. ಅಂಚು ಗಟ್ಟಿಯಾಗುತ್ತಿದ್ದಂತೆ ಚಮಚದಿಂದ ಕೆರೆದು ನಡುವಿಗೆ ತಳ್ಳಬೇಕು. ಅರ್ಧ ಗಂಟೆಗೊಮ್ಮೆ ಹೀಗೆ ಮಾಡಿ, ಕೊನೆಗೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದರೆ ಹಣ್ಣಿನ ನಾರೂ ಸೇರಿ ನುಣ್ಣಗಾಗುತ್ತದೆ.

ಕರೆಂಟು ಇಲ್ಲದಿದ್ದರೂ ಆಗುತ್ತದೆ. ಬಕೆಟ್ಟಿನಲ್ಲಿ ಮೂರು ಪಾಲು ಪುಡಿಮಾಡಿದ ಐಸಿಗೆ ಒಂದು ಪಾಲು ಕಲ್ಲುಪ್ಪು ಬೆರೆಸಿ, ನಡುವೆ ಮುಚ್ಚಳ ಬಿಗಿದ ಸ್ಟೀಲ್ ಡಬ್ಬಿ ಇಟ್ಟು ತಿರುಗಿಸುತ್ತಿರಬೇಕು. ಉಪ್ಪು ತಾಗಿದ ಐಸ್ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿನಿಂದ ಎಳೆದುಕೊಳ್ಳುತ್ತದೆ. ಈ ಮಿಶ್ರಣ ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು. ಬರಿಗೈ ಅದ್ದಬಾರದು, ಚರ್ಮ ಸುಡುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಊರುಗಳಲ್ಲಿ ಒಂದು ಎಚ್ಚರಿಕೆ ಬೇಕು. ಫ್ರೀಜರು ಕೊಂಚ ಬೆಚ್ಚಗಾದಾಗ ಮೊದಲು ಕರಗುವುದು ಸಣ್ಣ ಹರಳು. ಮತ್ತೆ ತಣಿದಾಗ ಆ ನೀರು ಉಳಿದ ದೊಡ್ಡ ಹರಳುಗಳ ಮೈಗೆ ಅಂಟಿಕೊಳ್ಳುತ್ತದೆ. ಎರಡು ಮೂರು ಸಲ ಹೀಗಾದರೆ ನುಣುಪು ಹೋಗಿ ಮರಳಾಗುತ್ತದೆ. ಡಬ್ಬಿಯನ್ನು ಫ್ರೀಜರಿನ ಬಾಗಿಲ ಬಳಿ ಇಡದೆ ಹಿಂಬದಿಗೆ ಸರಿಸಿಡಿ. ಮರಳಾಗಿದ್ದರೆ ಇನ್ನೊಮ್ಮೆ ಮಿಕ್ಸಿಗೆ ಹಾಕಿ. ಬಡಿಸುವ ಹತ್ತು ನಿಮಿಷ ಮೊದಲು ಹೊರಗಿಡಿ.