ಯುದ್ಧಕಾಲದ ಶಿಶುಗೃಹಗಳೂ ಉಪಮಾತೃಶಿಕ್ಷಣವೂ

ಧಾತ್ರೀ ಎಂಬ ಶಬ್ದಕ್ಕೆ ಉಪಮಾತೆ, ಭೂಮಿ, ನೆಲ್ಲಿ ಎಂಬ ಅರ್ಥಗಳನ್ನು ಅಮರಸಿಂಹನು ಹೇಳಿರುವನು. ಇವುಗಳಲ್ಲಿ ಮೊದಲನೆಯದು ಪ್ರಕೃತ. ಧಾತ್ರಿಯ ಪರೀಕ್ಷೆ, ಕುಮಾರಾಗಾರದ ರಚನೆ, ಆಟದ ವಸ್ತುಗಳ ಲಕ್ಷಣ ಇವೆಲ್ಲವೂ ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ನಿರೂಪಿತವಾಗಿವೆ. ಆದರೆ ಅಲ್ಲಿ ವಿವಕ್ಷಿತವಾದುದು ಒಂದು ಮನೆಯ ಒಂದು ಶಿಶು. ನಲವತ್ತು ಐವತ್ತು ಶಿಶುಗಳನ್ನು ಕೆಲವೇ ಮಂದಿ ಸ್ತ್ರೀಯರು ನೋಡಿಕೊಳ್ಳಬೇಕಾದಲ್ಲಿ ಉಪಮಾತೃತ್ವವು ಉಳಿಯುವುದೆ? ಎರಡನೆಯ ಮಹಾಯುದ್ಧವು ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯನ್ನು ಅನಿವಾರ್ಯವಾಗಿ ಮುಂದಿಟ್ಟಿತು.

1941ನೆಯ ಡಿಸೆಂಬರಿನ ಶಾಸನದಿಂದ ಅವಿವಾಹಿತ ತರುಣಿಯರು ರಾಷ್ಟ್ರಸೇವೆಗೆ ಕಡ್ಡಾಯವಾಗಿ ಒಳಗಾದರು. ಎಳೆಯ ಮಕ್ಕಳ ತಾಯಂದಿರಿಗೆ ಈ ನಿರ್ಬಂಧವಿರಲಿಲ್ಲ. ಆದರೂ ಅನೇಕರು ತಾವಾಗಿಯೇ ಕಾರ್ಖಾನೆಗಳಿಗೆ ಹೋದರು. ಅವರ ಮಕ್ಕಳಿಗಾಗಿ ಆರೋಗ್ಯ ಸಚಿವಶಾಖೆಯ ಆಶ್ರಯದಲ್ಲಿ ಸ್ಥಳೀಯ ಸಂಸ್ಥೆಗಳು ಹಗಲಿನ ಶಿಶುಗೃಹಗಳನ್ನು ತೆರೆದವು. 1940ರಲ್ಲಿ ಬೆರಳೆಣಿಕೆಯಷ್ಟಿದ್ದ ಇವು 1943ರ ಹೊತ್ತಿಗೆ 1,300ನ್ನು ಮೀರಿದುವು. ತಾಯಿಯು ದಿನಕ್ಕೆ ಸುಮಾರು ಒಂದು ಷಿಲ್ಲಿಂಗು ಕೊಡುತ್ತಿದ್ದಳು; ಉಳಿದ ವೆಚ್ಚವು ಬಹುಮಟ್ಟಿಗೆ ಬೊಕ್ಕಸದ್ದು.

ಕಟ್ಟಡಗಳು ಬೇಗನೆ ಎದ್ದರೂ ಶಿಕ್ಷಿತರಾದ ಪರಿಚಾರಿಕೆಯರು ಅಷ್ಟು ಬೇಗ ದೊರೆಯುವರೆ? ಆದುದರಿಂದ ಅಲ್ಪಾವಧಿಯ ಪಾಠಕ್ರಮಗಳು ಏರ್ಪಟ್ಟವು. ಈ ಶಿಕ್ಷಣದಲ್ಲಿ ಎರಡು ಸಂಪ್ರದಾಯಗಳು ಎದುರಾದುವು. ಒಂದು ವೈದ್ಯಸಂಪ್ರದಾಯ: ಶುಚಿತ್ವ, ಆಹಾರ, ನಿದ್ರೆ, ತೂಕ ಇವುಗಳಿಗೆ ಅದರಲ್ಲಿ ಪ್ರಾಧಾನ್ಯ. ಮತ್ತೊಂದು, 1914ರಲ್ಲಿ ಡೆಪ್ಟ್‌ಫರ್ಡಿನಲ್ಲಿ ಬಯಲು ಶಿಶುಶಾಲೆಯನ್ನು ಸ್ಥಾಪಿಸಿದ ಮ್ಯಾಕ್‌ಮಿಲನ್ ಸೋದರಿಯರಂಥವರ ಸಂಪ್ರದಾಯ: ಶರೀರರಕ್ಷಣೆಯ ಜೊತೆಗೆ ಆಟವೂ ಬುದ್ಧಿವಿಕಾಸವೂ ಅದರಲ್ಲಿ ಸಮಾನ.

ಮೂರನೆಯ ಮಾರ್ಗವೊಂದನ್ನು ಆನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗಮ್ ಎಂಬುವರು 1941ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ಅಮೆರಿಕದ ದಾನಿಗಳ ನೆರವಿನಿಂದ ತೋರಿದರು. ಅಲ್ಲಿಯ ಮಕ್ಕಳಲ್ಲಿ ಬಹುಮಂದಿ ರಾತ್ರಿಯೂ ಅಲ್ಲಿಯೇ ವಾಸವಾಗಿದ್ದವರು. ಅಲ್ಲಿ ಕೆಲಸ ಮಾಡುವ ತರುಣಿಯರು ಕೆಲಸದ ನಡುವೆಯೇ ಉಪನ್ಯಾಸಗಳನ್ನು ಕೇಳುತ್ತಿದ್ದರು. ಕಂಡುದನ್ನು ಚೀಟಿಗಳ ಮೇಲೆ ಬರೆದಿಡುವುದು ಎಲ್ಲರಿಗೂ ವಿಧಿಸಲ್ಪಟ್ಟಿತ್ತು. ಒಲೆಯ ಕೆಲಸಕ್ಕೆಂದು ಸೇರಿದ್ದ ಜೇಮ್ಸ್ ರಾಬರ್ಟ್‌ಸನ್ನನೂ ಹೀಗೆಯೇ ನೋಡಲು ಕಲಿತನು.

ಈ ಚೀಟಿಗಳಿಂದ ಒಂದು ಸಂಗತಿ ಸ್ಪಷ್ಟವಾಯಿತು. ತಾಯಿಯನ್ನು ಅಗಲಿ ಬಹುಜನರ ಕೈಯಲ್ಲಿ ಬೆಳೆದ ಕೂಸು ಮಾತಿನಲ್ಲಿಯೂ ಶೌಚಾಭ್ಯಾಸದಲ್ಲಿಯೂ ಮನೆಯ ಮಕ್ಕಳಿಗಿಂತ ಹಿಂದುಳಿಯುತ್ತಿತ್ತು. ಆಗ ಮಕ್ಕಳನ್ನು ನಾಲ್ಕೈದರ ಚಿಕ್ಕ ಕುಟುಂಬಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಬ್ಬೊಬ್ಬಳನ್ನು ತಾಯಿಯಾಗಿ ಗೊತ್ತುಮಾಡಲಾಯಿತು. ಮೊದಲು ಕಂಡುದು ಶಾಂತಿಯಲ್ಲ, ಕೋಲಾಹಲ: ಅಸೂಯೆ, ಹಟ, ಆಕೆ ಕೋಣೆಯಿಂದ ಹೊರಟರೆ ಅಳು. ಮೇಲುನೋಟಕ್ಕೆ ಇದು ಹಾನಿ. ಆದರೆ ಕ್ರಮೇಣ ಮಕ್ಕಳ ನಡೆನುಡಿಗಳು ಸುಧಾರಿಸಿದುವು. ಅಳದಿದ್ದ ಮಗುವಿಗೆ ದುಃಖವಿರಲಿಲ್ಲವೆಂದಲ್ಲ, ಯಾರಿಗಾಗಿ ಅಳಬೇಕೆಂಬುದೇ ಅದಕ್ಕೆ ಇರಲಿಲ್ಲವೆಂದು ಇದರಿಂದ ತಿಳಿಯಬೇಕು.

1945ರಲ್ಲಿ ಹ್ಯಾಂಪ್‌ಸ್ಟೆಡ್ಡಿನ ಶಿಶುಗೃಹವು ಮುಚ್ಚಿತು. 1946ರಲ್ಲಿ ಸರ್ಕಾರವು ಹಗಲಿನ ಶಿಶುಗೃಹಗಳ ಸಹಾಯಧನವನ್ನು ಅರ್ಧಕ್ಕಿಳಿಸಿತು, ಅನೇಕವು ನಿಂತವು. ಆದರೂ ವಿದ್ಯೆ ನಿಲ್ಲಲಿಲ್ಲ. ಶಿಶುಪರಿಚಾರಿಕೆಯರಿಗಾಗಿ ರಾಷ್ಟ್ರೀಯ ಪರೀಕ್ಷಾಮಂಡಲಿಯು 1945ರಲ್ಲಿಯೇ ಸ್ಥಾಪಿತವಾಗಿತ್ತು. ಆಸ್ಪತ್ರೆಯಲ್ಲಿ ತಾಯಿಯನ್ನಗಲಿದ ಎರಡು ವರ್ಷದ ಶಿಶುವಿನ ವ್ಯಥೆಯನ್ನು ರಾಬರ್ಟ್‌ಸನ್ನನು 1952ರಲ್ಲಿ ಚಲನಚಿತ್ರದ ಮೂಲಕ ವೈದ್ಯರಿಗೆ ತೋರಿಸಿದನು.

ಉಪಮಾತೆ ಎಂಬಲ್ಲಿಯ ಉಪಶಬ್ದವು ಸಾಮೀಪ್ಯವನ್ನು ಹೇಳುತ್ತದೆ. ಆ ಸಾಮೀಪ್ಯವು ಸ್ಥಳದ್ದು ಮಾತ್ರವಲ್ಲ, ಹೃದಯದ್ದೆಂಬುದೇ ಯುದ್ಧಕಾಲದ ಶಿಶುಗೃಹಗಳಿಂದ ಸಿದ್ಧವಾದ ಅರ್ಥ.