ಕುದುರೆಗೂ ಇರಲಿ ಒಂದು ಗುರುತು

ಬೈಕ್ ಕಳುವಾದರೆ ನಂಬರ್ ಪ್ಲೇಟ್, ಚಾಸಿ ನಂಬರ್ ಹೇಳಿ ದೂರು ಕೊಡಬಹುದು. ಕುದುರೆ ಕಳುವಾದರೆ? ‘ಕಂದು ಬಣ್ಣ, ಹಣೆಯಲ್ಲಿ ಬಿಳಿ ಮಚ್ಚೆ’ ಎಂದಷ್ಟೇ ಹೇಳಿದರೆ ಪೊಲೀಸರು ಯಾವುದನ್ನೆಂದು ಹುಡುಕಬೇಕು?

ಯಲಹಂಕ ದಾಟಿದರೆ ಬೆಟ್ಟಹಲಸೂರು ಕಡೆ ದೊಡ್ಡ ಕುದುರೆ ಸವಾರಿ ಶಾಲೆಯಿದೆ. ಅಂಥ ಕಡೆ ಕಾವಲಿಗೆ ಜನರಿರುತ್ತಾರೆ. ಮದುವೆ ಮೆರವಣಿಗೆಗೆ ಒಂದೇ ಕುದುರೆಯನ್ನು ಬಾಡಿಗೆಗೆ ಬಿಟ್ಟು ಸಂಸಾರ ನಡೆಸುವವರಿಗೆ ಆ ಅನುಕೂಲವಿಲ್ಲ. ಕುದುರೆ ಹೋದರೆ ಅವರ ದುಡಿಮೆಯೇ ಹೋದಂತೆ.

ರೇಸ್ ಕುದುರೆಗಳ ಕತ್ತಿನಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಮೈಕ್ರೋಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಅದರ ರೇಡಿಯೊ ತರಂಗದಿಂದಲೇ ಶಕ್ತಿ ಪಡೆದು 15 ಅಂಕಿಗಳ ಸಂಖ್ಯೆ ತಿಳಿಸುತ್ತದೆ. ಇದು ಜಿಪಿಎಸ್ ಅಲ್ಲ. ಕುದುರೆ ಎಲ್ಲಿದೆ ಎಂದು ಹೇಳದು, ಸಿಕ್ಕ ಕುದುರೆ ಯಾವುದು ಎಂದಷ್ಟೇ ಹೇಳುತ್ತದೆ. ಆ ಸಂಖ್ಯೆ ಮಾಲೀಕರ ಹೆಸರಲ್ಲಿ ನೋಂದಣಿಯಾಗಿರದಿದ್ದರೆ ಪ್ರಯೋಜನವಿಲ್ಲ.

ಖರ್ಚಿಲ್ಲದ ಗುರುತೂ ಇದೆ: ಸುಳಿ. ಹಿರಿಯರು ಶುಭ ಅಶುಭ ಲೆಕ್ಕ ಹಾಕಲು ಸುಳಿ ನೋಡುತ್ತಿದ್ದರು. ಇಂದು ಕುದುರೆಯ ಪಾಸ್‌ಪೋರ್ಟ್‌ನಲ್ಲೂ ಸುಳಿ, ಮಚ್ಚೆಗಳ ಚಿತ್ರ ಬರೆಯುತ್ತಾರೆ.

ಬೀಗದ ವಿಷಯದಲ್ಲೂ ಜಾಣತನ ಬೇಕು. ಗೇಟನ್ನು ಮೇಲೆತ್ತಿ ಕಳಚಲಾಗದಂತೆ ಮೇಲಿನ ಕೀಲನ್ನು ತಿರುಗಿಸಿ ಕೂರಿಸಬೇಕು. ಬೀಗ ಹೊರಗೇಟಿಗಿರಲಿ, ಲಾಯದ ಬಾಗಿಲಿಗೆ ಬೇಡ. ಬೆಂಕಿ ಬಿದ್ದರೆ ಕೀಲಿ ಹುಡುಕುತ್ತಾ ನಿಲ್ಲಲು ಸಮಯವಿರುವುದಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ನಿಮ್ಮ ಬಡಾವಣೆಯಲ್ಲಿ ಕುದುರೆ ಸಾಕಿದವರಿದ್ದರೆ, ಅವರನ್ನು ಕೇಳಿ ನಾಲ್ಕೂ ಬದಿಯಿಂದ, ಸುಳಿ ಕಾಣುವಂತೆ ಫೋಟೊ ತೆಗೆದು ಅವರ ಮೊಬೈಲ್‌ಗೆ ಕಳುಹಿಸಿ. ಐದು ನಿಮಿಷದ ಕೆಲಸ.